ಬಾವಿಯ ಈಜು, ಕೆರೆಯ ನೀರು

ನಮ್ಮಣ್ಣ ದೊಡ್ಡ ಈಜುಗಾರ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ವಿಜಯಪುರದ ಕಡೆಯ ನಮ್ಮೂರಿನ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಕಲಿತವನು. ಅವನು ಮೇಲಿಂದ ಧುಮುಕುವಾಗ ನಾನು ಅವನ ಅಂಗಿ ಕಾಯುತ್ತ ಕೂತಿರುತ್ತಿದ್ದೆ. ಹುಡುಗಿಯರು ನೀರಿಗಿಳಿಯುವ ಮಾತೇ ಇರಲಿಲ್ಲ. ನಾನು ಈಜು ಕಲಿತದ್ದು ನಲವತ್ತು ದಾಟಿದ ಮೇಲೆ, ಮುಂಬೈಯ ಘಾಟ್ಕೋಪರಿನ ಈಜುಕೊಳದಲ್ಲಿ, ಮಕ್ಕಳ ನಡುವೆ. ಅದರ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಈಗ ಭಾನುವಾರ ಬೆಳಿಗ್ಗೆ ನಮ್ಮ ಈಜುಗಾರರ ಗುಂಪು ಲೋಕಲ್ ರೈಲು ಹಿಡಿದು ಬದ್ಲಾಪುರದಾಚೆಯ ಸಣ್ಣ ಊರೊಂದರ ಕೆರೆಗೆ ಹೋಗುತ್ತದೆ. ತಲೆಗೆ ಢಾಳು ಬಣ್ಣದ ಟೋಪಿ, ಕೊರಳಿಗೆ ಸೀಟಿ, ಸೊಂಟದ ಪಟ್ಟಿಗೆ ಕಟ್ಟಿದ ತೇಲುವ ಗಾಳಿಚೀಲ, ಜೊತೆಗೊಬ್ಬರು ಇರಲೇಬೇಕು. ಈಜುವುದು ದಂಡೆಗುಂಟ ಮಾತ್ರ. ಹೋದ ಚಳಿಗಾಲದಲ್ಲಿ ಭಾಂಡುಪಿನ ತನ್ನ ಮನೆಯಿಂದ ಅಣ್ಣನೂ ಬಂದ. ಗಾಳಿಚೀಲ ನೋಡಿ, “ನಾ ಏನ್ ಸಣ್ಣ ಕೂಸೇನ, ಬಲೂನ್ ಕಟ್ಕೊಳ್ಳಾಕ?” ಎಂದು ನಕ್ಕ. ಎಲ್ಲರೆದುರು ಕಟ್ಟಿಕೊಂಡವನು, ಕಣ್ಣು ತಪ್ಪಿಸಿ ಬಿಚ್ಚಿಟ್ಟು ನೀರಿಗಿಳಿದಿದ್ದ. ಅದು ನನಗೆ ಗೊತ್ತಾದದ್ದು ಅವನು ದಂಡೆ ಬಿಟ್ಟು ಕೆರೆಯ ನಡುವಿಗೆ ಹೊರಟಾಗ.

ಜೊತೆಗಾರ್ತಿ ನಾನೇ. ಬೈಯುತ್ತಲೇ ಹಿಂದೆ ಹೋದೆ. ಅವನ ಈಜಿನಲ್ಲಿ ಬಲವಿತ್ತು, ಸುಳ್ಳು ಹೇಳಬಾರದು. ಆದರೆ ಬಾವಿಯಲ್ಲಿ ಸ್ವಲ್ಪ ಈಜಿದರೆ ಎದುರಿನ ಕಲ್ಲು ಕೈಗೆ ಸಿಗುತ್ತದೆ; ಅದನ್ನು ಹಿಡಿದು ದಮ್ಮು ತೆಗೆದುಕೊಂಡು ಮತ್ತೆ ಈಜುವುದು. ಹಿಡಿಯಲು ಏನೂ ಇಲ್ಲದ ನೀರಿನಲ್ಲಿ ಅಣ್ಣ ಜನ್ಮದಲ್ಲಿ ಈಜಿರಲಿಲ್ಲ. ಅದು ಅವನಿಗೂ ತಿಳಿದಿರಲಿಲ್ಲ. ದಮ್ಮು ಹತ್ತಿದಾಗ ಅಭ್ಯಾಸಬಲದಿಂದ ಕೈ ಚಾಚಿದ, ಕಲ್ಲು ಸಿಗಲಿಲ್ಲ. ಮುಳುಗಿ ಎದ್ದ.

“ತಂಗೀ, ಹಿಡಿ ನನ್ನ!”

ನಾನು ಹಿಡಿಯಲಿಲ್ಲ. ಮುಳುಗುವವರು ಹತ್ತಿರ ಬಂದವರ ಮೇಲೇ ಏರುತ್ತಾರೆ, ಇಬ್ಬರೂ ಮುಳುಗುತ್ತಾರೆ ಎಂದು ನಮಗೆ ಹೇಳಿಕೊಟ್ಟಿದ್ದರು. ಒಡಹುಟ್ಟಿದವನು ಕರೆಯುತ್ತಿದ್ದಾಗ ಹಿಂದಕ್ಕೆ ಸರಿದೆ. ಅಷ್ಟು ಕಷ್ಟದ ಕೆಲಸ ನಾನು ಇನ್ನೊಂದು ಮಾಡಿಲ್ಲ. ನನ್ನ ಪಟ್ಟಿ ಬಿಚ್ಚಿ ಗಾಳಿಚೀಲವನ್ನು ಅವನತ್ತ ತಳ್ಳಿ, “ಅದನ್ನ ತಬ್ಕೋ! ನನ್ನ ಹತ್ರ ಬರಬ್ಯಾಡ!” ಎಂದು ಕಿರುಚಿದೆ. ತಬ್ಬಿಕೊಂಡ. ಸೀಟಿ ಊದಿದೆ. ಕಾವಲಿಗಿದ್ದ ಗುಂಪಿನ ದೋಣಿ ಬಂತು.

ಲೋಕಲ್‌ನಲ್ಲಿ ಅಣ್ಣನನ್ನು ಅವನ ಮನೆಗೆ ಕರೆದುಕೊಂಡು ಬಂದೆ. ಭಾಂಡುಪಿನ ಮನೆ ಮುಟ್ಟಿದ್ದೇ ತಡ, ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ, ನಮ್ಮ ವೈನಿಗೆ, ದೂರು ಹೇಳಿದ. “ಸಾಯಾಕ ಹತ್ತಿದ್ದೆ. ಕರದ್ರ ಹಿಂದ ಹಿಂದ ಸರದ್ಲು. ಸ್ವಂತ ತಂಗಿ!”

ನಾನು ತಲೆ ತಗ್ಗಿಸಿದೆ. ಆ ಕೆರೆಯಲ್ಲಿ ಅಣ್ಣನ ಜೀವ ಉಳಿಯಿತು, ಆದರೆ ನನ್ನ ಪಾಲಿಗೆ ಅಣ್ಣ ಹೋದ ಅನ್ನಿಸಿತು.

ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎಲ್ಲ ಕೇಳಿದರು. ಆಮೇಲೆ ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದು, ಅವನತ್ತ ತಿರುಗಿ ಹೇಳಿದರು:

“ಆಕಿ ಸರದಿದ್ದಕ್ಕನ ನೀವು ಜೀವಂತ ನಿಂತು ಜಗಳಾ ಮಾಡಾಕ ಹತ್ತೀರಿ. ಇಲ್ಲಾಂದ್ರ ಇವತ್ತ ಈ ಮನಿಯಾಗ ನನ್ನ ಜೋಡಿ ಯಾರು ಮಾತಾಡ್ತಿದ್ರು?”