ಮೀಟರಪ್ಪ ಮತ್ತು ಮಾಸಿನ ಅಂಕಿ

ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವುದು ಅವನ ಕೆಲಸ. ಜೊತೆಗಾರರು ಇಟ್ಟ ಹೆಸರು ಮೀಟರಪ್ಪ. ಅಂಕಿ ಕಂಡರೆ ಸಾಕು, ಎದುರಿಗಿರುವ ಮನುಷ್ಯರು ಇವನಿಗೆ ಕಾಣುವುದಿಲ್ಲ ಎಂಬುದು ಹೆಂಡತಿಗೆ ಮದುವೆಯಾದ ಹೊಸತರಲ್ಲೇ ಗೊತ್ತಾಗಿತ್ತು. ಜ್ವರದಲ್ಲಿ ಗಡಗಡ ನಡುಗುತ್ತಿದ್ದವಳ ಬಾಯಿಂದ ಥರ್ಮಾಮೀಟರ್ ಎಳೆದು, "ಇಷ್ಟೇನಾ?" ಎಂದು ಮೂಗು ಮುರಿದು ಮಗ್ಗುಲು ಬದಲಿಸಿದ ಮಹಾಶಯ ಅವನು.

ಅವಳು ಬಸುರಿಯಾಗಿ ಆರು ತಿಂಗಳು ತುಂಬುವ ಹೊತ್ತಿಗೆ ಬಿಪಿ ಏರಿತು. ಹೊಟ್ಟೆಯೊಳಗೆ ಹೊಕ್ಕುಳಬಳ್ಳಿ ಅಂಟಿಕೊಂಡಿರುವ ಮಾಸು ಮಗುವನ್ನು ಸರಿಯಾಗಿ ಸಾಕುತ್ತಿದೆಯೇ ತಿಳಿಯಲೆಂದು ಡಾಕ್ಟರಮ್ಮ ವಾರವಾರ ರಕ್ತಪರೀಕ್ಷೆಗೆ ಬರೆದರು. ಮಾಸಿನಿಂದ ತಾಯಿಯ ರಕ್ತಕ್ಕೆ ಸೇರುವ ಒಂದು ಕಿಣ್ವವನ್ನು ಅಳೆಯುವ ಪರೀಕ್ಷೆ ಅದು. ಬಸಿರು ಬೆಳೆದಂತೆ ಅಂಕಿ ಮೆಲ್ಲಗೆ ಏರಬೇಕು. ಅಷ್ಟು ಕೇಳಿದ್ದೇ ತಡ, ಮೀಟರಪ್ಪ ಅರ್ಧ ಡಾಕ್ಟರಾಗಿಬಿಟ್ಟ. "ಇದೊಂದನ್ನೇ ನಂಬ್ಕೊಂಡು ಕೂರಬೇಡಿ" ಎಂದು ಡಾಕ್ಟರಮ್ಮ ಹೇಳಿದ್ದು ಅವನ ಕಿವಿಯ ಹತ್ತಿರವೂ ಸುಳಿಯಲಿಲ್ಲ. ಅಡುಗೆಮನೆ ಗೋಡೆಗೆ ಗ್ರಾಫ್ ಹಾಳೆ ಅಂಟಿಸಿ, ಬಂದವರಿಗೆಲ್ಲ ಏರುವ ಗೆರೆ ತೋರಿಸಿ ಮೀಸೆ ತಿರುವಿದ. ಅಲ್ಲೇ ಊದಿದ ಕಾಲು ಚಾಚಿಕೊಂಡು ಕೂತಿದ್ದವಳಿಗೆ ಒಂದು ಲೋಟ ನೀರು ಬೇಕೇ ಎಂದು ಕೇಳಿದವನಲ್ಲ.

ಒಂದು ವಾರ ಅಂಕಿ ಇದ್ದಕ್ಕಿದ್ದಂತೆ ಮೇಲಕ್ಕೆ ನೆಗೆಯಿತು. ಮೀಟರಪ್ಪ ಉಬ್ಬಿಹೋದ, ತಾನೇ ಹೊತ್ತು ಹೆರುತ್ತಿರುವವನ ಹಾಗೆ.

ಅಂದು ಸಂಜೆ ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಅಂದಳು, "ರೀ, ಬೆಳಗ್ಗೆಯಿಂದ ಮಗು ಆಡ್ತಾನೇ ಇಲ್ಲ. ನಂಗೆ ಭಯ ಆಗ್ತಿದೆ."

"ಗೆರೆ ನೋಡೇ, ಹೆಂಗೆ ಏರಿದೆ! ಮಗು ನಿದ್ದೆ ಮಾಡ್ತಿರುತ್ತೆ. ನೀನೂ ಮಾಡು."

ಸೊಪ್ಪು ಬಿಡಿಸುತ್ತಿದ್ದ ಅತ್ತೆ ಮೊರ ಪಕ್ಕಕ್ಕೆ ತಳ್ಳಿ ಎದ್ದರು. "ಬಸುರಿ ಅವಳೋ, ಗೋಡೆಯೋ? ಏಳಮ್ಮ, ಚಪ್ಪಲಿ ಹಾಕ್ಕೋ. ಇವನ ಹತ್ರ ಏನು ಮಾತು!"

ಡಾಕ್ಟರಮ್ಮ ಮಗುವಿನ ಎದೆಬಡಿತ ಕೇಳಿ, ವರದಿ ನೋಡಿ ಹುಬ್ಬು ಗಂಟಿಕ್ಕಿದರು. "ಇದು ಹೀಗೆ ಒಂದೇ ಸಲ ಏರೋದು ಒಳ್ಳೇದಲ್ಲಮ್ಮ. ಮಾಸು ಕೆಡ್ತಾ ಬಂದ್ರೂ ಹೀಗಾಗಬಹುದು. ಬಡಿತಾನೂ ಇಳೀತಿದೆ. ಇನ್ನು ಕಾಯೋ ಹಾಗಿಲ್ಲ."

ಆಪರೇಷನ್ನಾಯಿತು. ಅಂಗೈಯಗಲದ ಹೆಣ್ಣುಮಗು, ಬೆಚ್ಚನೆಯ ಗಾಜಿನ ಪೆಟ್ಟಿಗೆಯೊಳಗೆ ಮಲಗಿ ಬದುಕಿಕೊಂಡಿತು.

ಮರುದಿನ ವಾರ್ಡಿನ ಬಾಗಿಲಾಚೆ ಮೀಟರಪ್ಪ ಬಂಧುಗಳಿಗೆ ಹೇಳುವುದು ಹಾಸಿಗೆಯಲ್ಲಿದ್ದ ಅವಳಿಗೆ ಕೇಳುತ್ತಿತ್ತು: "ವಾರವಾರ ಅಂಕಿ ಮೇಲೆ ಕಣ್ಣಿಟ್ಟಿದ್ದೆ ನೋಡಿ, ಅದಕ್ಕೇ ಮಗು ಉಳೀತು."

ನಕ್ಕರೆ ಹೊಲಿಗೆ ಜಗ್ಗುತ್ತದೆಂದು ತುಟಿ ಕಚ್ಚಿಕೊಂಡಳು. ಅವನು ಒಳಗೆ ಬಂದವನೇ, "ಮಗು ತೂಕ ಎಷ್ಟಂತೆ?" ಎಂದ.

"ಅತ್ತೇನ ಕಳಿಸಿ," ಎಂದು ಕಣ್ಣು ಮುಚ್ಚಿದಳು. "ನೀವು ಹೊರಗೇ ಇರಿ."