ಸದ್ದು ಮಾಡದ ಟೈರು

ನನ್ನನ್ನು ನೋಡಲು ಬಂದ ದಿನ ನನ್ನ ಗಂಡ ಅರ್ಧ ಗಂಟೆ ಕೂತು, ಉಪ್ಪಿಟ್ಟು ತಿಂದು, ಮೈಸೂರಿನ ನಮ್ಮ ಮನೆಯ ಗೇಟು ದಾಟುವ ಮೊದಲೇ ಒಪ್ಪಿಗೆ ಹೇಳಿದ್ದರು. ಅಂಥವರು ನಾಲ್ಕು ಟೈರು ಆರಿಸಲು ಏಳು ವಾರ ತೆಗೆದುಕೊಂಡರು. ಈಗಲೂ ನೆನೆದರೆ ಸಿಟ್ಟು ಬರುತ್ತದೆ. ಆಮೇಲೆ ಆ ಸಿಟ್ಟಿಗೇ ನಾಚಿಕೆಯಾಗುತ್ತದೆ.

ನಾವಾಗ ಒಮಾನಿನ ನಿಜ್ವಾದಲ್ಲಿದ್ದೆವು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ, ಮಗಳು ಐದನೇ ಕ್ಲಾಸು. ಅವರು ರುಸೈಲ್‌ನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ತೈಲಬಾವಿಗಳಿಗೆ ಬೇಕಾದ ವಾಲ್ವುಗಳನ್ನು ಅಲ್ಲಿ ಮಾಡುತ್ತಿದ್ದರು. ಬೆಳಿಗ್ಗೆ ಐದೂವರೆಗೆ ಊಟದ ಡಬ್ಬಿ ಹಿಡಿದು ನಮ್ಮ ಎಸ್‌ಯುವಿ ಹತ್ತಿದರೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಹೈವೇ, ಸಂಜೆ ಆರಕ್ಕೆ ವಾಪಸು. ತೈಲದ ಬೆಲೆ ಬಿದ್ದು ಎರಡನೇ ವರ್ಷ ನಡೆಯುತ್ತಿತ್ತು. ಪ್ರತಿ ಶುಕ್ರವಾರ ಯಾರದಾದರೂ ಬೀಳ್ಕೊಡುಗೆ ಊಟ. ವಾಟ್ಸ್ಯಾಪ್ ತೆರೆದರೆ ಮಾರಾಟಕ್ಕಿರುವ ಸೋಫಾ, ವಾಷಿಂಗ್ ಮೆಷಿನ್, ಮಕ್ಕಳ ಸೈಕಲ್ಲು. ಅವರ ಕೆಲಸ ಹೋದರೆ ಅವರ ವೀಸಾ ಹೋಗುತ್ತದೆ, ವೀಸಾ ಹೋದರೆ ಅವರು ಊರಿಗೆ, ನನ್ನ ಕೆಲಸಕ್ಕಾಗಿ ನಾನೂ ಮಗಳೂ ಇಲ್ಲಿ; ನಾವು ಮೂವರು ಒಂದೇ ಮನೆಯಲ್ಲಿ ಇರುವುದಿಲ್ಲ. ಎಲ್ಲಿದ್ದರೂ ಏನು ಮಾಡುತ್ತಿದ್ದರೂ ನನ್ನನ್ನು ಕಾಡುತ್ತಿದ್ದ ಭಯ ಅದೊಂದೇ. ದಿನಾ ಸಂಜೆ ಕೇಳುತ್ತಿದ್ದೆ. "ನಮ್ಮ ಸೆಕ್ಷನ್‌ಗೆ ಏನೂ ಆಗಲ್ಲ ಕಣೇ" ಎನ್ನುತ್ತಿದ್ದರು. ಹಾಗೆಂದವರೇ ಟೈರಿನ ವಿಷಯ ತೆಗೆಯುತ್ತಿದ್ದರು.

ಟೈರು ಬದಲಿಸಲೇಬೇಕಿತ್ತು, ನಿಜ. ಮುಲ್ಕಿಯಾ, ಅಂದರೆ ಗಾಡಿಯ ನೋಂದಣಿ, ನವೀಕರಿಸುವ ಮೊದಲು ತಪಾಸಣೆಯವರು ಟೈರಿನ ಮೈಮೇಲೆ ಅಚ್ಚಾದ ತಯಾರಿಯ ವರ್ಷ ನೋಡುತ್ತಾರೆ. ಅಲ್ಲಿನ ಬಿಸಿಲಿಗೆ ರಬ್ಬರು ಸವೆಯದಿದ್ದರೂ ಒಳಗೊಳಗೇ ಬೇಯುತ್ತದೆ. ನಮ್ಮವಂತೂ ಹೈವೇ ಹತ್ತಿದೊಡನೆ ಗುಂಯ್ ಎಂದು ಊಳಿಡುತ್ತಿದ್ದವು. ಇವರಿಗೋ ಎಲ್ಲಾ ಗುಣವೂ ಒಂದೇ ಟೈರಿನಲ್ಲಿ ಬೇಕು. ಹೈವೇಯಲ್ಲಿ ಕಾಯಬಾರದು, ಬೆಟ್ಟದ ಕಲ್ಲುಹಾದಿಯಲ್ಲಿ ಹರಿಯಬಾರದು, ಸಾಲದ್ದಕ್ಕೆ ಹಿಮದಲ್ಲಿ ಜಾರಬಾರದು! ಹಿಂದಿನ ಚಳಿಗಾಲ ಜಬಲ್ ಶಮ್ಸ್ ಬೆಟ್ಟದ ತುದಿ ಬೆಳ್ಳಗಾಗಿದ್ದ ವಿಡಿಯೋವನ್ನು ಯಾರೋ ಕಳಿಸಿದ್ದರು. ಮಗಳಿಗೆ ಹಿಮ ತೋರಿಸುತ್ತೇನೆಂದು ಆಗಲೇ ಮಾತು ಕೊಟ್ಟುಬಿಟ್ಟಿದ್ದರು.

"ಈ ಊರಲ್ಲಿರೋದೇ ಎರಡು ಕಾಲ, ಬಿಸಿಲು, ಇನ್ನೂ ಬಿಸಿಲು. ಆಲ್ ಸೀಸನ್ ಟೈರು ಯಾಕ್ರೀ?" ಎಂದು ಕೆಣಕುತ್ತಿದ್ದೆ.

"ನಿಂಗೊತ್ತಾಗಲ್ಲ, ಸುಮ್ನಿರು" ಎನ್ನುತ್ತ ಫ್ರಿಜ್ಜಿನಿಂದ ಕಿಟಕಿಗೆ, ಕಿಟಕಿಯಿಂದ ಫ್ರಿಜ್ಜಿಗೆ ಓಡಾಡುತ್ತಿದ್ದರು. ಊಟಕ್ಕೆ ಕೂತರೆ ತಟ್ಟೆಯ ಅನ್ನದಲ್ಲಿ ಬೆರಳಿನಿಂದ ಗೆರೆ ಎಳೆದು, ಸಾರು ಹರಿಸಿ, ಮಳೆನೀರು ಟೈರಿನ ಗೆರೆಯಿಂದ ಹೀಗೆ ಹೊರಗೆ ಹೋಗಬೇಕು ಎಂದು ತೋರಿಸುತ್ತಿದ್ದರು. ಅನ್ನ ಆರಿ ತಣ್ಣಗಾಗುತ್ತಿತ್ತು. ಅವರ ಕಾರ್ಖಾನೆಯಾಚೆಯ ವಾದಿ ಕಬೀರ್ ಬಡಾವಣೆಯ ಟೈರಿನಂಗಡಿಯಲ್ಲಿ ದಪ್ಪ ಹಲ್ಲಿನದೊಂದು ಬಂದಿದೆಯಂತೆ, ಪಕ್ಕದಲ್ಲಿ ಹಿಮದ ಗುರುತೂ ಇದೆಯಂತೆ. "ಮಧ್ಯಾಹ್ನ ಸ್ವಲ್ಪ ಬಿಡುವಾಯ್ತು, ಹಾಗೇ ಹೋಗಿ ನೋಡ್ಕೊಂಡು ಬಂದೆ." ವಾರಕ್ಕೆ ಮೂರು ಸಲ ಹೀಗೆ ಬಿಡುವಾಗುವ ಕಾರ್ಖಾನೆ ಯಾವುದು ಎಂದು ನಾನು ಕೇಳಲಿಲ್ಲ. ಕೇಳದಿರುವುದೇ ನನಗೂ ಹಿತವಾಗಿತ್ತು.

ಏಳನೇ ವಾರ ನನ್ನ ತಾಳ್ಮೆ ಕೆಟ್ಟಿತು. "ಶನಿವಾರ ನಾನೂ ಬರ್ತೀನಿ. ನಿಂತು ಹಾಕಿಸ್ಕೊಂಡೇ ಬರೋದು" ಎಂದೆ. ಇಲ್ಲೇ ನಿಜ್ವಾದಲ್ಲೇ ನೋಡೋಣ, ಅಷ್ಟು ದೂರ ನೀನ್ಯಾಕೆ ಬಿಸಿಲಲ್ಲಿ ಎಂದೆಲ್ಲ ರಾಗ ಎಳೆದರು. ನಾನು ಜಗ್ಗಲಿಲ್ಲ. ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ "ಸರಿ, ನಡಿ" ಎಂದುಬಿಟ್ಟರು. ಒಳಗೇ ಹೊತ್ತು ಹೊತ್ತು ಅವರಿಗೂ ಸಾಕಾಗಿತ್ತೇನೋ ಎಂದು ಈಗ ಅನಿಸುತ್ತದೆ.

ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋದೆವು. ಅಂಗಡಿಯವರು ವಯಸ್ಸಾದ ಮಲಯಾಳಿ. ನಮ್ಮನ್ನು ಕಂಡದ್ದೇ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಧೂಳು ಒರೆಸಿ ನನ್ನ ಗಂಡನ ಕಡೆ ತಳ್ಳಿದರು. "ಕ್ಯಾ ಸಾಬ್, ಆಜ್ ಲೇಟ್? ರೋಜ್ ತೋ ಆಠ್ ಬಜೇ ಆ ಜಾತೇ ಹೋ." ದಿನಾ ಎಂಟಕ್ಕೇ ಬರುವವರು ಇವತ್ತೇಕೆ ತಡ ಎಂದು. ಆಮೇಲೆ ನನ್ನ ಕಡೆ ತಿರುಗಿ, "ಭಾಭೀ, ಆಪ್‌ಕಾ ವೋ ಪೀಲಾ ಚಾವಲ್ ಬಹುತ್ ಅಚ್ಛಾ" ಎಂದು ಕೈಮುಗಿದರು.

ಹಳದಿ ಅನ್ನ ಎಂದರೆ ನನ್ನ ಚಿತ್ರಾನ್ನ. ಬೆಳಗಿನ ಜಾವ ಎದ್ದು ಕಾರ್ಖಾನೆಗೆಂದು ನಾನು ಕಟ್ಟಿಕೊಡುತ್ತಿದ್ದ ಡಬ್ಬಿಯನ್ನು ಇವರು ಈ ಕುರ್ಚಿಯಲ್ಲಿ ಕೂತು, ಈ ಮುದುಕರ ಜೊತೆ ಹಂಚಿಕೊಂಡು ತಿನ್ನುತ್ತಿದ್ದರು.

"ಕೆಲಸ ಹೋಗಿ ಎಷ್ಟು ದಿನ ಆಯ್ತು?" ಎಂದೆ.

"ಐದು ವಾರ."

"ನಂಗೊಂದು ಮಾತು ಹೇಳೋಕೆ ಏನಾಗಿತ್ರೀ?"

"ಟೈರೊಂದು ಹಾಕಿಸಿ ಹೇಳೋಣ ಅಂತಿದ್ದೆ" ಎಂದರು, ನೆಲ ನೋಡುತ್ತ. "ಬೇರೆ ಕಡೆ ಒಂದು ಕೆಲಸ ಇತ್ತು. ವೀಸಾ ಕೊಟ್ಟಿರೋ ಈ ಕಫೀಲ್ ಒಪ್ಪಿಗೆ ಪತ್ರ ಕೊಡ್ಲಿಲ್ಲ. ಖಲಾಸ್ ಕಣೇ. ಮುಂದಿನ ತಿಂಗಳು ನಾನು ಊರಿಗೆ ಹೊರಡ್ಬೇಕು."

ನಾನು ಕಿರುಚಾಡಿದೆ. ಏನೇನು ಅಂದೆನೋ ನೆನಪಿಲ್ಲ. ಗಾಳಿ ತುಂಬುವ ಕಂಪ್ರೆಸರಿನ ಅಬ್ಬರದಲ್ಲಿ ಅದು ಅವರೊಬ್ಬರಿಗೆ ಮಾತ್ರ ಕೇಳಿಸಿರಬೇಕು.

ಮುದುಕರು ಅಷ್ಟರಲ್ಲಿ ಆ ದಪ್ಪ ಹಲ್ಲಿನ ಟೈರನ್ನು ಉರುಳಿಸಿಕೊಂಡು ಬಂದರು. ಪಕ್ಕದಲ್ಲಿ ಪುಟ್ಟ ಬೆಟ್ಟ, ಅದರೊಳಗೆ ಹಿಮದ ಹರಳು. ಇವರು ಅದರ ಮೇಲೆ ಒಮ್ಮೆ ಅಂಗೈ ಆಡಿಸಿ, ಬೇಡವೆಂದು ತಲೆಯಾಡಿಸಿದರು. ಗೋಡೆಗೆ ಒರಗಿಸಿದ್ದ ಸಾದಾ ಹೈವೇ ಟೈರನ್ನು ತೋರಿಸಿ ಹಿಂದಿಯಲ್ಲಿ ಹೇಳಿದರು: ಇನ್ನು ಗಾಡಿ ಓಡಿಸೋದು ಇವಳು. ಮಗಳನ್ನ ಕೂರಿಸ್ಕೊಂಡು. ಸದ್ದು ಮಾಡಬಾರದು, ಸದ್ದಾದ್ರೆ ಇವಳ ಕೈ ನಡುಗುತ್ತೆ.

ನಾಲ್ಕನೇ ಪರೀಕ್ಷೆಯಲ್ಲಿ ಲೈಸೆನ್ಸ್ ಪಡೆದವಳು ನಾನು. ಅವರ ರಜಾದಿನಗಳಲ್ಲಿ ಆಸ್ಪತ್ರೆಗೆ ಹೋಗಿಬಂದದ್ದು ಬಿಟ್ಟರೆ ಗಾಡಿ ಓಡಿಸಿದವಳೇ ಅಲ್ಲ. ಐದು ವಾರ ಆ ಕುರ್ಚಿಯಲ್ಲಿ ಕೂತು ಅವರು ಯೋಚಿಸಿದ್ದು ತಮ್ಮ ಬೆಟ್ಟದ ಹಾದಿಯನ್ನಲ್ಲ, ನನ್ನ ಹೆದರಿಕೆಯನ್ನು. ಸಿಟ್ಟು ಮಾತ್ರ ಇಳಿಯಲಿಲ್ಲ.

ಆ ಸಂಜೆ ಮಗಳು ಬಗ್ಗಿ ನಾಲ್ಕೂ ಟೈರಿನಲ್ಲಿ ಹಿಮದ ಗುರುತು ಹುಡುಕಿದಳು. "ಬಟ್ ಅಪ್ಪಾ, ಯು ಪ್ರಾಮಿಸ್ಡ್" ಎಂದಳು.

ಉಳಿದ ಇಪ್ಪತ್ತು ದಿನ ದಿನಾ ಸಂಜೆ ನಾನು ಹೈವೇಯಲ್ಲಿ ಓಡಿಸಿದೆ, ಅವರು ಪಕ್ಕದ ಸೀಟಿನಲ್ಲಿ. "ಕನ್ನಡಿ ನೋಡು, ಕನ್ನಡಿ!" ಎಂದು ಅವರು ಕೂಗುವುದು, "ನೀವೇ ಓಡಿಸ್ಕೊಳ್ಳಿ ಹಾಗಾದ್ರೆ!" ಎಂದು ನಾನು ರೇಗುವುದು. ಇನ್ನೇನು ಹೊರಟುಬಿಡುತ್ತಾರೆ, ಒಂದು ಒಳ್ಳೆಯ ಮಾತಾಡೋಣ ಎಂದುಕೊಂಡೇ ಇಪ್ಪತ್ತು ದಿನವೂ ಜಗಳವಾಡಿದೆವು.

ಅವರು ಹೊರಟ ದಿನ ಏರ್‌ಪೋರ್ಟಿಗೂ ನಾನೇ ಓಡಿಸಿದೆ. ಪಾರ್ಕಿಂಗಿನಲ್ಲಿ ಅವರು ಬಗ್ಗಿ ಒಂದೊಂದೇ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಹದಿನೈದು ದಿನಕ್ಕೊಂದ್ಸಲ ಗಾಳಿ ಚೆಕ್ ಮಾಡಿಸು" ಎಂದರು. ನಾನು ಹೂಂ ಎಂದೆ.

ವಾಪಸು ಬರುವಾಗ ಮಟಮಟ ಮಧ್ಯಾಹ್ನ. ಪಕ್ಕದಲ್ಲಿ ಲಾರಿಗಳು ಹಾಯ್ದು ಹೋದವು, ಆದರೂ ನನ್ನ ಕೈ ನಡುಗಲಿಲ್ಲ. ಟೈರಿನ ಸದ್ದೇ ಇರಲಿಲ್ಲ. ಅದರಿಂದಾಗಿಯೇ ಹಿಂದಿನ ಸೀಟಿನಲ್ಲಿ ಮಗಳು ಬಾಯಿಗೆ ಕೈ ಒತ್ತಿಕೊಂಡು ಬಿಕ್ಕುತ್ತಿದ್ದುದು ನನಗೆ ಕೇಳಿಸಿತು. ಹಳೆಯ ಟೈರಾಗಿದ್ದರೆ ನಿಜ್ವಾದವರೆಗೂ ಗೊತ್ತಾಗುತ್ತಿರಲಿಲ್ಲ.

ಬಲಕ್ಕೆ ಸರಿದು ಗಾಡಿ ನಿಲ್ಲಿಸಿದೆ. "ಮುಂದೆ ಬಾ ಪುಟ್ಟಿ, ನನ್ನ ಪಕ್ಕ ಕೂತ್ಕೋ."

ಅವಳು ಖಾಲಿ ಸೀಟನ್ನು ನೋಡಿ ತಲೆಯಾಡಿಸಿದಳು. "ನೋ. ದಟ್ಸ್ ಅಪ್ಪಾಸ್ ಸೀಟ್."

ನಾನೇ ಇಳಿದು ಹಿಂದೆ ಹೋಗಿ ಅವಳ ಪಕ್ಕ ಕೂತೆ. ಮುಂದಿನ ಎರಡೂ ಸೀಟು ಖಾಲಿಯಿದ್ದವು.