ಗಂಟೆಯ ಕೆಳಗೆ ನಿಂತವರು

1994ರ ಡಿಸೆಂಬರ್ 11, ಭಾನುವಾರ ಬೆಳಿಗ್ಗೆ ಮದ್ರಾಸಿನಿಂದ ಹೊರಟ ವಿಮಾನ ನಾಲ್ಕು ಗಂಟೆಗಳ ಬಳಿಕ ಸಿಂಗಪುರದಲ್ಲಿ ಇಳಿಯಿತು. ಕೈಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಂಡೆ. ಪತ್ರಿಕೆಯ ಕೆಲಸ ಎರಡು ದಿನದ್ದು. ಮೂರನೆಯ ದಿನವನ್ನು ಊರಿನಲ್ಲಿ ನಾನು ಓದಿದ ಕಾಲೇಜಿನ ಕೆಲಸಕ್ಕಾಗಿ ಉಳಿಸಿಕೊಂಡಿದ್ದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಾಡಿಗೆ ಮನೆಯೊಂದರಲ್ಲಿ ಶಾಲೆಯಾಗಿ ಆರಂಭವಾದ ಅದು ಮುಂದೆ ವಿಶ್ವವಿದ್ಯಾಲಯದ ಕಾಲೇಜಾಯಿತು. ಮೊದಲ ಅಧ್ಯಾಪಕರದು ಉಳಿದಿರುವುದು ಒಂದೇ ಫೋಟೊ. ಏಳು ಜನ, ನಡುವೆ ಪ್ರಿನ್ಸಿಪಾಲರು, ಕೆಳಗೆ 'ಎಡದಿಂದ ಬಲಕ್ಕೆ' ಎಂದು ಹೆಸರುಗಳು. ಕಾಲೇಜಿನ ಚರಿತ್ರೆಯನ್ನು ನಾನು ಬರೆಯುತ್ತಿದ್ದೆ. ಅದರಲ್ಲಿ ತಮ್ಮ ತಾತ ಸುಬ್ಬಣ್ಣನವರ ಮುಖವನ್ನು ಪ್ರತ್ಯೇಕವಾಗಿ ಅಚ್ಚು ಹಾಕಬೇಕೆಂದು ಸಿಂಗಪುರದ ಸರೋಜಮ್ಮ ಕಾಗದ ಬರೆದಿದ್ದರು. ತಾತ ಬರೆದ ಪತ್ರವೊಂದೂ ತಮ್ಮ ಬಳಿ ಇದೆ ಎಂದಿದ್ದರು. ನಾನು ಹಿಂದಿರುಗಿದ ಕೂಡಲೇ ಪುಟಗಳು ಅಚ್ಚಿಗೆ ಹೋಗಬೇಕಿತ್ತು.

ಮಂಗಳವಾರ ನಾನು ಉಳಿದುಕೊಂಡಿದ್ದ ಆಂಗ್ ಮೋ ಕಿಯೋದಿಂದ ಎಂಆರ್‌ಟಿ ರೈಲು ಹಿಡಿದು, ದಕ್ಷಿಣಕ್ಕೆ ಇಳಿದು, ಜುರಾಂಗ್ ಈಸ್ಟ್‌ನಲ್ಲಿ ಬದಲಾಯಿಸಿ ಚೋವಾ ಚು ಕಾಂಗ್ ತಲುಪುವಾಗ ಮಳೆ ಬೀಳುತ್ತಿತ್ತು. ಸರೋಜಮ್ಮ ನಿವೃತ್ತ ಗಣಿತ ಉಪನ್ಯಾಸಕಿ. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ವಸುಧಾ ಅಂದು ರಜೆ ಹಾಕಿದ್ದರು.

ದೇವರ ಮುಂದೆ ಹಾರ ಹಾಕಿದ ಪಟವಿತ್ತು. ಅದೇ ಗುಂಪು ಫೋಟೊದಲ್ಲಿ ಎಡತುದಿಯವರ ಮುಖವನ್ನು, ಮೊದಲ ಹೆಸರು ಸುಬ್ಬಣ್ಣನವರದೆಂದು, ಕಾಲೇಜಿನವರು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಕಳಿಸಿದ್ದು. ಪೂರ್ತಿ ಫೋಟೊವನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ. ಕೋಡುಬಳೆ, ಕಾಫಿಯ ನಂತರ ಸರೋಜಮ್ಮ ಪತ್ರ ತೆಗೆದರು. 'ಪಟ ತೆಗೆದರು. ನಾನು ಗಂಟೆಯ ಕೆಳಗೆ ನಿಂತಿದ್ದೇನೆ' ಎಂದಿತ್ತು.

ನಾನು ತಂದಿದ್ದ ಫೋಟೊ ಬಿಚ್ಚಿದೆ. ಗಂಟೆ ಬಲತುದಿಯಲ್ಲಿತ್ತು.

"ಇದೇನ್ರೀ, ಆ ಕಡೆ ಇದೆ?" ಎಂದರು ಸರೋಜಮ್ಮ.

ಸಾಕ್ಷಿಗೆ ಒಂದೇ ಪತ್ರ ಸಾಲದು. ಏಳು ಜನರಲ್ಲಿ ಕೋಟಿಲ್ಲದೆ ಶಾಲು ಹೊದ್ದವರು ಒಬ್ಬರೇ. ಅವರ ಕೆಳಗೆ ಭೌತಶಾಸ್ತ್ರದ ಅಧ್ಯಾಪಕರ ಹೆಸರಿತ್ತು. ಬಲದಿಂದ ಎಣಿಸಿದೆ. ಶಾಲು ಸಂಸ್ಕೃತ ಪಂಡಿತರಿಗೆ ಬಂತು. ಹೆಸರು ಬರೆದವರು ಸಾಲಿನಲ್ಲೇ ನಿಂತಿದ್ದು, ತಮ್ಮ ಎಡದಿಂದ ಎಣಿಸಿದ್ದಿರಬೇಕು. ಪ್ರಿನ್ಸಿಪಾಲರ ಹೆಸರು ಎತ್ತ ಎಣಿಸಿದರೂ ನಡುವೆಯೇ ಬೀಳುತ್ತಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

"ಹಾಗಾದ್ರೆ ನಮ್ಮ ದೇವರ ಮುಂದಿರೋರು?" ಎಂದರು ವಸುಧಾ.

"ಗಣಿತದ ರಾಮಶೇಷಯ್ಯನವರು. ಪಟ್ಟಿಯಲ್ಲಿ ಕೊನೆಯ ಹೆಸರು."

"ಅಮ್ಮ, ಮೂವತ್ತು ವರ್ಷ ಬೇರೆ ಯಾರಿಗೋ ಹಾರ ಹಾಕಿದೀಯ ನೀನು."

"ಮ್ಯಾಥ್ಸ್ ಮೇಷ್ಟ್ರು ತಾನೆ? ನಿನಗೆ ಅಷ್ಟು ಮಾರ್ಕ್ಸ್ ಬಂದಿದ್ದು ಯಾರಿಂದ ಅಂತ ಈಗ ಗೊತ್ತಾಯ್ತು ಬಿಡು."

ಸರೋಜಮ್ಮ ಕನ್ನಡಕ ಒರೆಸಿಕೊಂಡು ಗಂಟೆಯ ಕೆಳಗಿನವರನ್ನು ಬಹಳ ಹೊತ್ತು ನೋಡಿದರು.

"ಕಿವಿ ನೋಡೇ, ಥೇಟ್ ನಮ್ಮಪ್ಪಂದು," ಎಂದರು.

ಬುಧವಾರ ಹಿಂದಿರುಗಿದೆ. ಪುಸ್ತಕ ಮಾರ್ಚಿನಲ್ಲಿ ಹೊರಬಂತು. ಏಳು ಹೆಸರುಗಳೂ ಬಲದಿಂದ ಎಡಕ್ಕಿವೆ. ವಸುಧಾ ಬರೆದಿರುವಂತೆ, ಚೋವಾ ಚು ಕಾಂಗಿನ ಆ ಮನೆಯಲ್ಲಿ ದೇವರ ಮುಂದೆ ಈಗ ಎರಡು ಪಟಗಳಿವೆ. ಎರಡಕ್ಕೂ ಹಾರವಿದೆ.